ಮೂರೂ ಭಾಗಕ್ಕೆ ಒಬ್ಬನೇ ಅಪ್ಪ

ಅವರು ತೀರಿಕೊಂಡ ಸುದ್ದಿ ನಮ್ಮ ರೈಲಿನ ವಾಟ್ಸಾಪ್ ಗುಂಪಿಗೆ ಬಂದ ಬೆಳಿಗ್ಗೆ ಅರ್ಧ ಜನ ಬೆಂಕಿಯ ಚಿತ್ರ ಹಾಕಿದರು, ಇನ್ನರ್ಧ ಜನ ಚಪ್ಪಾಳೆ ತಟ್ಟಿದರು. ಅವರದೇನೂ ತಪ್ಪಿರಲಿಲ್ಲ. ನಮ್ಮ ಬೋಗಿಯ ಸೆಲ್ವ ಹಾಕಿದ್ದು ಒಂದು ಫೋಟೋ, ಫೋಟೋಗೆ ಹಾರ, ಕೆಳಗೆ ‘ನಾಯನ’ ಎಂಬ ಒಂದೇ ಮಾತು. ಆ ಫೋಟೋವನ್ನು ಆ ಹಾರದ ಸಮೇತ ನಾವೆಲ್ಲ ವರ್ಷಗಳಿಂದ ನೋಡುತ್ತಲೇ ಇದ್ದೆವು. ಸಿನಿಮಾದ ನಾಲ್ಕನೇ ಭಾಗ ಬರುತ್ತಿರಬೇಕು ಎಂದುಕೊಂಡು ಮಾಲೂರಿನವನೊಬ್ಬ ‘ಟಿಕೆಟ್ ಯಾವಾಗಿಂದ?’ ಎಂದೂ ಕೇಳಿದ. ಕೊನೆಗೆ ಸೆಲ್ವ ಒಬ್ಬೊಬ್ಬರಿಗೇ ಫೋನ್ ಮಾಡಿ, “ಅಯ್ಯೋ, ಪಡ ಅಲ್ಲ ಮೇಡಂ, ಸಿನಿಮಾ ಅಲ್ಲ, ನಿಜವಾಗ್ಲೂ ಹೋಗ್ಬಿಟ್ರು” ಎಂದು ಗೋಳೋ ಎಂದು ಅತ್ತ ಮೇಲೆ ಬೆಂಕಿಗಳೆಲ್ಲ ಒಂದೊಂದಾಗಿ ಆರಿದವು.

ಒಬ್ಬ ಮನುಷ್ಯ ಸತ್ತದ್ದನ್ನು ಊರು ನಂಬಬೇಕಾದರೆ ಅದಕ್ಕೆ ಮುಂಚೆ ಅವನು ಬದುಕಿದ್ದಾನೆಂದು ಊರು ಒಪ್ಪಿಕೊಂಡಿರಬೇಕು. ಇವರ ವಿಷಯದಲ್ಲಿ ಆದ ತೊಡಕೇ ಅದು.

ನಾನು ಬಂಗಾರಪೇಟೆಯವಳು. ಬೆಂಗಳೂರಿನ ಕಂಟೋನ್ಮೆಂಟ್ ಸ್ಟೇಷನ್ನಿನ ಹತ್ತಿರ ಒಂದು ಕನ್ನಡಕದ ಅಂಗಡಿಯಲ್ಲಿ ನನಗೆ ಕೆಲಸ. ಮಾರಿಕುಪ್ಪಂನಿಂದ ಹೊರಟು ಬರುವ ಬೆಳಗಿನ ರೈಲನ್ನು ನಾನು ಹತ್ತುವ ಹೊತ್ತಿಗೆ ಕೆಜಿಎಫ್‌ನವರೆಲ್ಲ ಟವೆಲು ಹಾಸಿ ಸೀಟು ಹಿಡಿದು, ಆ ದಿನದ ಜಗಳವನ್ನೂ ಅರ್ಧ ಮುಗಿಸಿರುತ್ತಿದ್ದರು. ಹೆಂಗಸರ ಬೋಗಿಗೆ ನಾನು ಹೋಗುವವಳಲ್ಲ. ಅಲ್ಲಿ ಕೂತ ಕೂಡಲೇ ಯಾರಾದರೂ ಮಡಿಲಿಗೆ ಅವರೆಕಾಯಿ ಸುರಿದು ಬಿಡಿಸಿಕೊಡಿ ಎನ್ನುತ್ತಾರೆ. ಹಾಗಾಗಿ ಇವರ ಬೋಗಿಗೆ ಬಂದು ಬಿದ್ದೆ.

ಬಾಗಿಲಲ್ಲಿ ಒಬ್ಬರು ಯಾವಾಗಲೂ ಜನರ ಕಡೆಗೆ ಬೆನ್ನು, ಬಾಗಿಲ ಕಡೆಗೆ ಮುಖ ಮಾಡಿ ನಿಂತಿರುತ್ತಿದ್ದರು. ಸಣ್ಣಗೆ ಬಾಗಿದ ಆಳು, ಸೋಡಾಬುಡ್ಡಿ ಕನ್ನಡಕ, ತೋಳು ಮಡಿಸಿದ ಬಿಳಿ ಷರ್ಟು. ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ. ಬೆಂಗಳೂರಿನ ಒಂದು ಹಳೇ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಕೆಲಸ ಅವರದು, ಆ ಅಭ್ಯಾಸ ಮೈಗೇ ಹತ್ತಿಬಿಟ್ಟಿತ್ತು. ರೈಲು ಹೊರಡುವ ಮುಂಚೆ ಬಲಗೈ ಹೆಬ್ಬೆರಳಿನಿಂದ ಗಾಳಿಯಲ್ಲೊಂದು ಗುಂಡಿ ಒತ್ತುತ್ತಿದ್ದರು. ಒಮ್ಮೆ ಅವರು ರಜ ಹಾಕಿದ ದಿನ ರೈಲು ತ್ಯಾಕಲ್‌ನಲ್ಲಿ ನಿಂತದ್ದು ಎಷ್ಟು ಹೊತ್ತಾದರೂ ಹೊರಡಲಿಲ್ಲ. ಆವತ್ತಿನಿಂದ ನಾವು ಆ ಹೆಬ್ಬೆರಳನ್ನು ಲೇವಡಿ ಮಾಡುವುದು ಬಿಟ್ಟೆವು. ಬೋಗಿಯಲ್ಲಿ ಉಸಿರಾಡಲೂ ಜಾಗವಿಲ್ಲದಾಗಲೂ ಅವರು ಪ್ಲಾಟ್‌ಫಾರಂ ಕಡೆ ಕೈಬೀಸಿ, “ಬನ್ನಿ ಬನ್ನಿ, ಇನ್ನೊಬ್ರಿಗೆ ಜಾಗ ಐತೆ” ಎನ್ನುತ್ತಿದ್ದರು. ಒಳಗಿನವರಿಂದ ಇದಕ್ಕಾಗಿ ಅವರು ತಿಂದ ಬೈಗುಳ ಮೂರು ಭಾಷೆಯಲ್ಲಿರುತ್ತಿತ್ತು.

ಇವರು ಯಾರೆಂದು ನನಗೆ ತಿಳಿದದ್ದು ಕನ್ನಡಕದ ಮೊಳೆಯಿಂದ. ಒಂದು ದಿನ ಅದು ಬಿಚ್ಚಿಕೊಂಡಿತು. ಸಣ್ಣ ಸ್ಕ್ರೂಡ್ರೈವರ್ ನನ್ನ ಕೈಚೀಲದಲ್ಲಿ ಸದಾ ಇರುತ್ತದೆ. ಕೊಡಿ ಎಂದು ಕನ್ನಡಕ ಇಸಿದುಕೊಂಡೆ. ಅವರು ಬರಿಗಣ್ಣಲ್ಲಿ ನನ್ನ ಕಡೆ ತಿರುಗಿದ್ದೇ ತಡ, ಪಕ್ಕದಲ್ಲಿ ನಿಂತಿದ್ದ ಯಾರೋ ಹೊಸ ಹುಡುಗ “ಅಯ್ಯೋ ನಾಯನಾ!” ಎಂದು ಕೂಗಿ ಅವರ ಕಾಲಿಗೆ ಬಿದ್ದುಬಿಟ್ಟ. ಅವರು ಏನೂ ಕಾಣದೆ ಅಂದಾಜಿನಲ್ಲಿ ಆಶೀರ್ವಾದ ಮಾಡಲು ಹೋಗಿ ನನ್ನ ಟಿಫಿನ್ ಡಬ್ಬಿಯ ಮೇಲೆ ಕೈಯಿಟ್ಟರು.

ಆ ಸಿನಿಮಾದ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅಭಿಮಾನಿಗಳು ಹುಡುಕಿಕೊಂಡು ಬಂದು ನನ್ನನ್ನೂ ಗುಂಪಿಗೆ ಸೇರಿಸುತ್ತಾರೆ. ಗಣಿಯಲ್ಲಿ ಅಪ್ಪ ಸಾಯುತ್ತಾನೆ, ಮಗ ಮೂರು ಭಾಗ ಹೊಡೆದಾಡುತ್ತಾನೆ, ಕಥೆ ಇಷ್ಟೇ. ಪ್ರತಿ ಹೊಡೆದಾಟಕ್ಕೆ ಮುಂಚೆ ನಾಯಕ ಮನೆಗೆ ಬಂದು, ಗೋಡೆಯ ಮೇಲೆ ಹಾರ ಹಾಕಿ ದೀಪ ಹಚ್ಚಿಟ್ಟ ಅಪ್ಪನ ಫೋಟೋ ಮುಂದೆ ನಿಂತು “ನಾಯನಾ” ಎನ್ನುತ್ತಾನೆ. ನಮ್ಮ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಅಪ್ಪನನ್ನು ಹಾಗೆ ಕರೆಯುತ್ತಾರೆ. ಥಿಯೇಟರಿನಲ್ಲಿ ಸಿಳ್ಳೆ ಬೀಳುತ್ತಿದ್ದದ್ದು ಆಗಲೇ. ಗೋಡೆಯ ಮೇಲಿದ್ದ ಆ ಮುಖ ಇವರದು. ಇವರು ಆ ಸಿನಿಮಾದಲ್ಲಿ ನಟಿಸಿರಲಿಲ್ಲ, ಸುಮ್ಮನೆ ಗೋಡೆಯ ಮೇಲಿದ್ದರು.

ಅದು ಆದದ್ದು ಹೀಗೆ. ಗಣಿಯ ಪುಡಿಮಣ್ಣು ಸುರಿದು ಸುರಿದು ಬೆಳೆದ ಸೈನೈಡ್ ಗುಡ್ಡದ ಹತ್ತಿರ ಶೂಟಿಂಗ್ ನಡೆಯುತ್ತಿತ್ತು. ಭಾನುವಾರ. ನೋಡಲು ಬಂದವರಿಗೂ ಬಿರಿಯಾನಿ ಕೊಡುತ್ತಾರೆಂದು ಸುದ್ದಿ ಹಬ್ಬಿ ಇವರೂ ಸಾಲಿನಲ್ಲಿ ನಿಂತರು. ಯಾರೋ ಕ್ಯಾಮೆರಾ ಹಿಡಿದುಕೊಂಡು ಬಂದು, “ಯಜಮಾನ್ರೇ, ಕನ್ನಡಕ ತೆಗೀರಿ, ಇಲ್ಲಿ ನೋಡಿ” ಎಂದರಂತೆ. ಊಟಕ್ಕೆ ಗುರುತಿನ ಚೀಟಿ ಮಾಡುತ್ತಿದ್ದಾರೆಂದುಕೊಂಡು ಇವರು ಕನ್ನಡಕ ತೆಗೆದು ನಿಂತರು. ಆ ಹೊತ್ತಿಗೆ ಸರಿಯಾಗಿ ಮುಂದಿನವನ ತಟ್ಟೆಗೆ ಬಡಿಸುತ್ತಿದ್ದರು. ಅದರಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಎಂದು ಕನ್ನಡಕವಿಲ್ಲದ ಕಣ್ಣಲ್ಲಿ ಇವರು ಕಷ್ಟಪಟ್ಟು ನೋಡುತ್ತಿದ್ದರು.

ಆ ನೋಟದ ಬಗ್ಗೆ ಅಭಿಮಾನಿಗಳು ಮಾಡಿರುವ ವಿಡಿಯೋಗಳನ್ನು ನೋಡಿದರೆ ನೀವು ಅತ್ತುಬಿಡುತ್ತೀರಿ. ‘ಮುಚ್ಚಿದ ಗಣಿಯ ನೋವೆಲ್ಲ ಆ ಕಣ್ಣಲ್ಲಿದೆ’, ‘ದೂರದ ನ್ಯಾಯವನ್ನು ಹುಡುಕುವ ಕಣ್ಣು’. ನಾನು ಅವರನ್ನೇ ಕೇಳಿದೆ, ಕೊನೆಗೆ ಮೊಟ್ಟೆ ಇತ್ತಾ ಎಂದು. “ಮುಂದಿನೋನ್ಗೆ ಇತ್ತು ಕನ್ನಡಕದಮ್ಮಾ. ನನ್ ತನಕ ಬರೋದ್ರಾಗೆ ಮುಗ್ದೋಯ್ತು” ಎಂದರು. ಅಂದಮೇಲೆ ನೋವು ಇದ್ದದ್ದಂತೂ ನಿಜ.

ಬೋಗಿಯಲ್ಲಿ ಎಲ್ಲರೂ ಅವರನ್ನು ನಾಯನ ಎಂದೇ ಕರೆಯುತ್ತಿದ್ದರು. ಅದರಲ್ಲಿ ಅವರಿಗೆ ಖುಷಿಯೂ ಇತ್ತು, ಸಂಕಟವೂ ಇತ್ತು. ಖುಷಿ ಏಕೆಂದರೆ ಲಿಫ್ಟಿನಲ್ಲಿ ಅವರ ಮುಖವನ್ನು ಯಾರೂ ನೋಡಿದವರಲ್ಲ, ಎಲ್ಲರೂ ನೋಡುವುದು ಮೇಲೆ ಬದಲಾಗುವ ನಂಬರನ್ನು. ಸಂಕಟವೆಲ್ಲ ಹಾರದ್ದು. ಬದುಕಿರುವವರ ಫೋಟೋಗೆ ಹಾರ ಹಾಕಬಾರದೆಂದು ನಮ್ಮ ಕಡೆ ಎಳೇ ಮಗುವಿಗೂ ಗೊತ್ತು. ಹಾಗಿರುವಾಗ ಇವರ ಫೋಟೋಗೆ ಮೂರು ಭಾಗ ಹಾರ ಹಾಕಿ, ಊದುಬತ್ತಿ ಹಚ್ಚಿ, ಲಕ್ಷಾಂತರ ಜನರಿಗೆ ತೋರಿಸಿಬಿಟ್ಟಿದ್ದರು.

ಅವರದು ಕ್ಯಾಸಂಬಳ್ಳಿ ಕಡೆಯ ಹಳ್ಳಿ. ಹೆಂಡತಿ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದರು. ಮೊದಲನೇ ಭಾಗ ಬಂದ ವಾರ ಆಕೆ ಕ್ಯಾನು ಹಿಡಿದು ಡೈರಿಗೆ ಹೋದಾಗ ಅಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿ ಈಕೆಯ ಹಣೆಯ ಕುಂಕುಮವನ್ನೇ ನೋಡಿದರಂತೆ. ಪಕ್ಕದೂರಿನ ಒಬ್ಬ ಮುದುಕಿ ಕೈಹಿಡಿದುಕೊಂಡು, “ಯಾವಾಗಮ್ಮಾ ಓಗಿದ್ದು? ನಮ್ಗೆ ಒಂದು ಮಾತೂ ತಿಳಿಸ್ಲಿಲ್ಲವಲ್ಲೇ” ಎಂದು ಅತ್ತೇಬಿಟ್ಟಳು. ಗಂಡ ಆ ಹೊತ್ತಿಗೆ ಡೈರಿಯ ಹಿಂದೆಯೇ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆಕೆ ಹಾಲು ಹಾಕದೆ ಮನೆಗೆ ಬಂದವರು ಆ ಸಿನಿಮಾವನ್ನು ಜನ್ಮದಲ್ಲಿ ನೋಡುವುದಿಲ್ಲ ಎಂದರು, ನೋಡಲೂ ಇಲ್ಲ.

ಟೀವಿಯವರು ಬಿಡಬೇಕಲ್ಲ. ಭಾನುವಾರ ಬಂತೆಂದರೆ ಯಾವುದಾದರೊಂದು ಭಾಗ. ಫೋಟೋ ಬರುವ ಹೊತ್ತಿಗೆ ಸರಿಯಾಗಿ ಆಕೆ ಎದ್ದು ಟೀವಿ ಆರಿಸಿ, ಗಂಡನಿಗೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುತ್ತಿದ್ದರು. ಸೋಮವಾರ ಇವರು ಕೆಮ್ಮುತ್ತಾ ರೈಲು ಹತ್ತಿದರೆ ನಾವು “ನಿನ್ನೆ ಯಾವ ಭಾಗ?” ಎಂದು ಕೇಳುತ್ತಿದ್ದೆವು. ಎರಡನೇ ಭಾಗವಾದರೆ ಕೆಮ್ಮು ಬುಧವಾರದವರೆಗೂ ಇರುತ್ತಿತ್ತು. ಅದರಲ್ಲಿ ಫೋಟೋ ಜಾಸ್ತಿ ಸಲ ಬರುತ್ತದೆ.

ಹೀಗಿರುವಾಗ ಬೆಂಗಳೂರಿನ ಹೊರಗಿರುವ ಒಂದು ದೊಡ್ಡ ಮನರಂಜನಾ ಪಾರ್ಕಿನವರು ಆ ಸಿನಿಮಾದ ಹೆಸರಿನಲ್ಲೇ ಹೊಸದೊಂದು ಲೋಕ ಕಟ್ಟುತ್ತೇವೆಂದು ಸಾರಿದರು. ಗಣಿ ರೈಲು, ಗಣಿ ಬಾವಿ, ಕ್ಯಾಂಟೀನು, ನಾಯಕನ ಮನೆ, ಎಲ್ಲ ಇರುತ್ತದೆ, ಅಭಿಮಾನಿಗಳು ಸಲಹೆ ಕಳಿಸಬಹುದು ಎಂದರು. ಆವತ್ತಿನಿಂದ ನಮ್ಮ ಬೋಗಿ ಬೋಗಿಯಾಗಿ ಉಳಿಯಲಿಲ್ಲ.

ವಾದಕ್ಕೆ ಇಬ್ಬರು ನಾಯಕರು. ಕೋರಮಂಡಲ್‌ನಲ್ಲಿ ಹತ್ತುವ ಸೆಲ್ವ ಒಬ್ಬ, ಎ.ಸಿ. ರಿಪೇರಿ ಮಾಡುವವನು, ಮೈಯೆಲ್ಲ ಆವೇಶ. ಬೂದಿಕೋಟೆಯಿಂದ ಬಸ್ಸಿನಲ್ಲಿ ಬಂದು ಬಂಗಾರಪೇಟೆಯಲ್ಲಿ ಹತ್ತುವ ಮಂಜಣ್ಣ ಇನ್ನೊಬ್ಬ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ನಿಧಾನಸ್ಥ. ಇಬ್ಬರಿಗೂ ಮದುವೆಯಾಗಿ ಮಕ್ಕಳಿದ್ದರು. ಆದರೂ ಮೊದಲ ವಾರವೆಲ್ಲ ಗಣಿ ಬಾವಿಯ ಬಗ್ಗೆ ಕಚ್ಚಾಡಿದರು. ಪಾರ್ಕಿನವರು ಹಾಕಿದ್ದ ಚಿತ್ರದಲ್ಲಿ ಗಣಿಗೆ ಆಳುಗಳನ್ನು ಇಳಿಸುವ ಪಂಜರ ಜನರನ್ನು ಹೊತ್ತು ಆಕಾಶಕ್ಕೆ ಏರುತ್ತಿತ್ತು. “ಗಣಿ ಅಂದ್ರೆ ಕೆಳಗೆ ಹೋಗ್ಬೇಕು ಸಾರ್. ಮೇಲೆ ಹೋದ್ರೆ ಅದು ಸ್ವರ್ಗ” ಎಂದು ಸೆಲ್ವ ಕೂಗಾಡಿದ. ಬಂಗಾರಪೇಟೆಯವರು ಮಾತ್ರ ಬಾವಿ ಎಲ್ಲಿಗಾದರೂ ಹೋಗಲಿ, ಕ್ಯಾಂಟೀನಿನಲ್ಲಿ ನಮ್ಮೂರ ಪಾನಿಪುರಿ ಇರಲೇಬೇಕು ಎಂದು ಪಟ್ಟು ಹಿಡಿದರು. ಆ ಕಾಲದಲ್ಲಿ ಪಾನಿಪುರಿ ಎಲ್ಲಿತ್ತು ಎಂದು ಕೇಳಿದವನಿಗೆ, ಆ ಕಾಲದಲ್ಲಿ ನಾಯಕ ಮೆಷಿನ್ ಗನ್ ಎಲ್ಲಿಂದ ತಂದ ಎಂದು ಉತ್ತರ ಬಂತು. ನಮ್ಮ ಬೋಗಿಯಲ್ಲಿ ಜನ ಬೈಯುವಾಗ ತಮಿಳಿಗೆ, ಲೆಕ್ಕ ಹಾಕುವಾಗ ತೆಲುಗಿಗೆ, ರಾಜಿಗೆ ಬಂದಾಗ ಕನ್ನಡಕ್ಕೆ ತಿರುಗುತ್ತಾರೆ. ಆ ವಾರ ಕನ್ನಡ ಕೇಳಿಸಿದ್ದೇ ಕಡಿಮೆ.

ಆಗಲೇ ಒಂದು ಬೆಳಿಗ್ಗೆ ಬಾಗಿಲ ಕಡೆಯಿಂದ, ನಮಗೆ ಬೆನ್ನು ಮಾಡಿಕೊಂಡೇ, ನಾಯನ ಕೇಳಿದರು. “ನಾಯಕನ್ ಮನೇನೂ ಕಟ್ತಾರಲ್ಲ. ಅದ್ರಾಗೆ ಪಟ ಆಕ್ತಾರಲ್ಲ. ಆ ಪಟಕ್ಕೆ ಆರ ಬ್ಯಾಡ ಅಂತ ಒಂದು ಮಾತು ಬರೀತೀರಾ?”

ಕಚ್ಚಾಡುತ್ತಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

“ಏನು ನಾಯನಾ ಇದು!” ಸೆಲ್ವ ಎದ್ದು ನಿಂತ. “ಹಾರ ತೆಗದ್ರೆ ಪಡಮೇ ಇಲ್ಲ. ಅಪ್ಪ ಸತ್ತಿದ್ರೆ ತಾನೆ ಮಗನಿಗೆ ಕೋಪ? ಹಾರ ಇಲ್ಲಾಂದ್ರೆ ಅಪ್ಪ ಉಸಿರಾಗವ್ರೆ ಅಂತ ಅರ್ಥ. ಅಪ್ಪ ಉಸಿರಾಗಿದ್ರೆ ಮಗ ಮೂರು ಭಾಗ ಯಾಕೆ ಹೊಡೀತಾನೆ ಸೊಲ್ಲುಂಗೊ, ನೀವೇ ಹೇಳಿ?”

ಮಂಜಣ್ಣ ಯೋಚಿಸಿ ಹೇಳಿದ. “ಅಪ್ಪ ಸಾಯೋಕ್ ಮುಂಚಿನ ಮನೆ ಅಂತ ಅಂದ್ಕೊಳ್ಳಾನ ಕಣ್ಲಾ. ಆವಾಗ ಆರ ಬೇಕಾಗಿಲ್ಲ.”

“ಆವಾಗ ನಾಯಕ ಮೂರನೇ ಕ್ಲಾಸು! ಹೋಂವರ್ಕ್ ಮಾಡ್ತಾ ಇರ್ತಾನೆ! ಅದನ್ನ ನೋಡೋಕೆ ಯಾರಯ್ಯಾ ಟಿಕೆಟ್ ತಗೊಂಡು ಬರ್ತಾರೆ?”

ಹೀಗೆ ಹಾರದವರು, ಹಾರ ಬೇಡದವರು ಎಂದು ಎರಡು ಪಕ್ಷವಾಯಿತು. ಮಾರನೇ ಬೆಳಿಗ್ಗೆ ಕೈಯೆತ್ತಿಸಿ ತೀರ್ಮಾನ ಮಾಡೋಣ ಎಂದರು. ಕೋರಮಂಡಲ್‌ನಲ್ಲಿ ಎತ್ತಿಸಿದಾಗ ಹಾರದವರು ಗೆದ್ದರಂತೆ. ಬಂಗಾರಪೇಟೆಯವರು ಹತ್ತಿದ ಮೇಲೆ ಇನ್ನೊಂದು ಸಲ ಎತ್ತಿಸಿದರೆ ಹಾರ ಬೇಡದವರು ಗೆದ್ದರು. ಮಾಲೂರಿನಲ್ಲಿ ಹತ್ತಿದವರಿಗೆ ವಿಷಯವೇ ಗೊತ್ತಿರಲಿಲ್ಲ. ಮೂರನೇ ಸಲ ಕೇಳಿದಾಗ, ಕೈಯೆತ್ತಿದರೆ ಸೀಟು ಸಿಗುತ್ತದೆಂದು ಎರಡೂ ಪಕ್ಷಕ್ಕೆ ಎತ್ತಿದರು. ನಾಯನ ತಾವೂ ಕೈಯೆತ್ತಲು ಹೋದಾಗ ಸೆಲ್ವ ಬಹಳ ಮರ್ಯಾದೆಯಿಂದ ತಡೆದ. “ತಪ್ಪು ತಿಳ್ಕೋಬೇಡಿ ನಾಯನಾ. ಕಥೆ ಪ್ರಕಾರ ನೀವು ಸತ್ತಿದ್ದೀರಿ. ನಿಮಗೆ ಓಟಿಲ್ಲ.”

“ನಮ್ಮ ಪಂಚಾಯ್ತಿ ಎಲೆಕ್ಷನ್ನಾಗೆ ಸತ್ತೋರೂ ಆಕ್ತಾರೆ” ಎಂದ ಮಂಜಣ್ಣ. ಅದನ್ನೂ ಯಾರೂ ಒಪ್ಪಲಿಲ್ಲ. ನಾಯನ ಎತ್ತಿದ್ದ ಕೈಯನ್ನು ಇಳಿಸಿ, ಗಾಳಿಯಲ್ಲಿ ಗುಂಡಿ ಒತ್ತಿ, ಬಾಗಿಲ ಕಡೆ ತಿರುಗಿದರು.

ನನಗೆ ರೇಗಿತು. ಆ ಸಿನಿಮಾ ಕಂಡರೇ ನನಗಾಗುತ್ತಿರಲಿಲ್ಲ, ಹಾರ ಇದ್ದರೆಷ್ಟು ಬಿಟ್ಟರೆಷ್ಟು. ಆದರೂ ಸಂಜೆ ಅವರು ಕನ್ನಡಕದ ಮೂಗಿನ ದಿಂಬು ಸರಿಮಾಡಿಸಿಕೊಳ್ಳಲು ಅಂಗಡಿಗೆ ಬಂದಾಗ ಕೇಳಿದೆ. “ಅಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಯಜಮಾನ್ರೇ?”

ಅವರು ಅಂಗಡಿಯ ಬಾಗಿಲ ಕಡೆ ನೋಡುತ್ತಾ ಹೇಳಿದರು. ಅವರ ಮದುವೆಗೆ ಬಂದ ಫೋಟೋಗ್ರಾಫರ್ ಎಲ್ಲರನ್ನೂ ನಿಲ್ಲಿಸಿ ನಿಲ್ಲಿಸಿ ತೆಗೆದನಂತೆ. ಹಾರ ಬದಲಾಯಿಸುವಾಗ ಎರಡೆರಡು ಸಲ ಬದಲಾಯಿಸಲು ಹೇಳಿದನಂತೆ. ಆಮೇಲೆ ನೋಡಿದರೆ ಕ್ಯಾಮೆರಾದಲ್ಲಿ ರೀಲೇ ಇರಲಿಲ್ಲ, ಬರೀ ಫ್ಲಾಶ್ ಹೊಡೆದಿದ್ದ. “ನಾವಿಬ್ರೂ ಇರೋ ಒಂದು ಪಟ ಮನೇಲಿಲ್ಲ ಕನ್ನಡಕದಮ್ಮಾ. ನನ್ ಮಕ ಒಂದೀಟು ಚೆನ್ನಾಗಿ ಬಂದಿರೋದು ಆ ಸಿನಿಮಾ ಪಟ ಒಂದ್ರಾಗೇ. ಆಯಮ್ಮ ಅದ್ರ ಪಕ್ಕ ಬಂದು ನಿಂತ್ರೆ ಒಂದು ತೆಗ್ಸಾನ ಅಂತ. ಕರ್ದೆ. ಆರ ತೆಗ್ಸು, ಬತ್ತೀನಿ ಅಂದ್ಳು.”

ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಹೆಂಡತಿ ಒಂದು ಸಲ ಬಂದು ಆ ಮುಖದ ಪಕ್ಕ ನಿಲ್ಲಬೇಕು. ನಾನು ಮಾರನೇ ದಿನ ಬೋಗಿಯಲ್ಲಿ ಇದನ್ನು ಎಲ್ಲರ ಮುಂದೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಎನಿಸುತ್ತದೆ, ಇಸ್ಪೀಟಾಡುವವರು ಎಲೆ ಕೆಳಗಿಟ್ಟರು. ಸೆಲ್ವ ಕಿಟಕಿಯಲ್ಲಿ ಮುಖವಿಟ್ಟು ಕೂತ. ಆಮೇಲೆ, “ಮೇಡಂ, ಪಡಕ್ಕಿಂತ ನಾಯನ ಮನೆಯ ಅಕ್ಕ ದೊಡ್ಡೋರು. ಆದ್ರೂ ಲಾಜಿಕ್ ತಪ್ಪು” ಎಂದ. ಎಲ್ಲರೂ ಸೇರಿ ಹಾರ ಬೇಡವೆಂದು ಬರೆದರು. ಸೆಲ್ವ ಕೆಳಗೆ ‘ಭಾರವಾದ ಮನಸ್ಸಿನಿಂದ’ ಎಂದು ಸೇರಿಸಿ ಕಳಿಸಿದ.

ಪಾರ್ಕಿನವರಿಂದ ಉತ್ತರ ಬಂತು. ‘ನಿಮ್ಮ ಅಮೂಲ್ಯ ಸಲಹೆಯನ್ನು ಗಮನಿಸಲಾಗಿದೆ.’ ಇಂಥ ಮಾತಿನ ಅರ್ಥ ನನಗೆ ಗೊತ್ತಿತ್ತು, ನಮ್ಮ ಅಂಗಡಿಯಲ್ಲೂ ಹೇಳುತ್ತೇವೆ. ಬೋಗಿ ಮಾತ್ರ ಜೈಕಾರ ಹಾಕಿತು. ನಾಯನ ಆ ಉತ್ತರವನ್ನು ಫೋನಿನಲ್ಲಿ ಹೆಂಡತಿಗೆ ಓದಿ ಹೇಳಿದರು. ಆಕೆ, “ಗಮನಿಸವ್ರಾ? ಅಂಗಾದ್ರೆ ಬತ್ತೀನಿ” ಎಂದರು.

ಆ ಲೋಕ ತೆರೆದ ಹೊಸದರಲ್ಲೇ ಒಂದು ಭಾನುವಾರ ಟೆಂಪೋ ಮಾಡಿಕೊಂಡು ಹೋದೆವು. ನನ್ನನ್ನೂ ಎಳೆದರು. “ಪಟ ತೆಗ್ಸಿಕೊಳ್ಳೋವಾಗ ನನ್ ಕನ್ನಡಕ ಇಡ್ಕೊಳ್ಳಾಕೆ ಗೊತ್ತಿರೋರು ಬೇಕು” ಎಂಬುದು ನಾಯನರ ವಾದ. ಹೆಂಡತಿಯನ್ನು ನಾನು ನೋಡಿದ್ದು ಆವತ್ತೇ ಮೊದಲು. ಗಟ್ಟಿ ಹೆಂಗಸು, ಹಣೆಯಲ್ಲಿ ಕಾಸಿನಗಲ ಕುಂಕುಮ, ತಲೆಯಲ್ಲಿ ಕನಕಾಂಬರ, ಗಾಡಿಯಲ್ಲಿ ಹತ್ತು ಮಾತಿಗೊಂದು ಮಾತು. ಹಸುಗಳನ್ನು ಪಕ್ಕದ ಮನೆಗೆ ಒಪ್ಪಿಸಿ ಬಂದದ್ದೇ ಆಕೆಗೆ ದೊಡ್ಡ ಯೋಚನೆ. ನಾಯನ ಇಸ್ತ್ರಿ ಷರ್ಟು ಹಾಕಿ ಚಾಲಕನ ಹಿಂದೆ ನಿಂತೇ ಬಂದರು.

ಗೇಟಿನೊಳಗೆ ರಟ್ಟಿನ ಬಂಡೆ, ಹೊಗೆ, ಹಾಡು. ಗಣಿ ಪಂಜರ ಆಕಾಶಕ್ಕೇ ಏರುತ್ತಿತ್ತು. ಸೆಲ್ವ ಅದನ್ನು ನೋಡಿ ಹಲ್ಲು ಕಡಿದ. ನಾಯಕನ ಮನೆ ಮೂಲೆಯಲ್ಲಿತ್ತು. ಸಿನಿಮಾದಲ್ಲಿದ್ದ ಹಾಗೆಯೇ ಮಣ್ಣಿನ ಗೋಡೆ, ದೀಪ, ಗೋಡೆಯ ಮೇಲೆ ಮರದ ಚೌಕಟ್ಟು, ಚೌಕಟ್ಟಿಗೆ ದೊಡ್ಡ ಪ್ಲಾಸ್ಟಿಕ್ ಹಾರ. ಒಳಗೆ ಫೋಟೋ ಇರಲಿಲ್ಲ. ಅಲ್ಲಿ ತೂತು ಕೊರೆದು, ಪಕ್ಕದಲ್ಲಿ ‘ಇಲ್ಲಿ ನಿಮ್ಮ ಮುಖವಿಟ್ಟು ನಾಯನ ಆಗಿರಿ’ ಎಂದು ಬರೆದಿದ್ದರು. ಜನ ಸಾಲುಗಟ್ಟಿ ಗೋಡೆಯ ಹಿಂದೆ ಹೋಗಿ, ತೂತಿನಲ್ಲಿ ತಲೆಯಿಟ್ಟು, ಹಾರದ ಮಧ್ಯೆ ಹಲ್ಲು ಕಿರಿಯುತ್ತಾ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೊಸದಾಗಿ ಮದುವೆಯಾದ ಹುಡುಗನೊಬ್ಬ ನಾಯನನಾದ. ಹೊಸಕೋಟೆಯ ಒಬ್ಬ ದಪ್ಪ ಮನುಷ್ಯ ನಾಯನನಾದ, ಅವನ ಕಿವಿ ಸಿಕ್ಕಿಕೊಂಡಿತು. ಒಬ್ಬ ತಾಯಿ ತನ್ನ ಮಗು ಒಳಗೆ ತಲೆಯಿಟ್ಟದ್ದನ್ನು ನೋಡಿ “ಬಿಡ್ತು ಅನ್ನೋ, ಥೂ!” ಎಂದು ಕಾಲು ಹಿಡಿದು ಎಳೆದಳು.

ನಾಯನ ಕನ್ನಡಕದೊಳಗಿಂದ ಆ ತೂತನ್ನೇ ನೋಡುತ್ತಾ ನಿಂತರು. ಹಾರ ಇರಬಹುದು ಎಂಬ ಭಯ ಅವರಿಗೆ ಇತ್ತು. ಮುಖವೇ ಇರುವುದಿಲ್ಲ ಎಂದು ಯಾರೂ ಎಣಿಸಿರಲಿಲ್ಲ. ಮಂಜಣ್ಣ ಚಪ್ಪಲಿಯನ್ನೇ ನೋಡುತ್ತಿದ್ದ. ಸೆಲ್ವ ಮಾತ್ರ ಅಲ್ಲಿದ್ದ ಸಮವಸ್ತ್ರದ ಹುಡುಗಿಯ ಮೇಲೆ ಹರಿಹಾಯ್ದ. “ಏನಮ್ಮಾ ಇದು? ಇವರೇ ನಾಯನ! ನಿಜವಾದ ನಾಯನ!”

“ಎಲ್ಲರೂ ಹಾಗೇ ಹೇಳ್ತಾರೆ ಸಾರ್. ಲೈನಲ್ಲಿ ಬನ್ನಿ” ಎಂದಳು ಆಕೆ.

ಸಾಲಿನಲ್ಲಿ ಬಂದೆವು. ನಾಯನ ನನ್ನ ಕೈಗೆ ಕನ್ನಡಕ ಕೊಟ್ಟು ಗೋಡೆಯ ಹಿಂದೆ ಹೋಗಿ ತೂತಿನಲ್ಲಿ ತಲೆಯಿಟ್ಟರು. ಚೌಕಟ್ಟಿನಲ್ಲಿ ಆ ಮುಖ, ಸುತ್ತ ಆ ಹಾರ. ಹುಡುಗಿಗೆ ಸಮಾಧಾನವಾಗಲಿಲ್ಲ. “ಸಾರ್, ಸ್ವಲ್ಪ ದುಃಖದಿಂದ ನೋಡಿ. ಹಾಗಲ್ಲ. ಸಿನಿಮಾದಲ್ಲಿ ನೋಡಿದ್ದೀರಲ್ಲ, ಹೀಗೆ” ಎಂದು ತಾನೇ ಕಣ್ಣು ಕಿರಿದು ಮಾಡಿ ತೋರಿಸಿದಳು. ನಾಯನ ಪ್ರಯತ್ನಪಟ್ಟರು. ಬರಲಿಲ್ಲ. “ಪರವಾಗಿಲ್ಲ ಸಾರ್, ಎಲ್ಲರಿಗೂ ಬರಲ್ಲ” ಎಂದಳು.

ಆಗ ಹಿಂದಿನಿಂದ ಒಂದು ನಗು ಕೇಳಿಸಿತು. ತಿರುಗಿದರೆ ನಾಯನರ ಹೆಂಡತಿ, ನಮಗೆಲ್ಲ ಅಕ್ಕ. ಡೈರಿಯ ಆ ದಿನದಿಂದ ಬಿಗಿಹಿಡಿದದ್ದೆಲ್ಲ ಸಡಿಲಾದವರ ಹಾಗೆ, ಸೆರಗು ಬಾಯಿಗೆ ಒತ್ತಿಕೊಂಡು, ಮೈ ಕುಲುಕಿಸಿಕೊಂಡು ನಗುತ್ತಿದ್ದರು. “ಅಯ್ಯೋ ನನ್ ಶಿವ್ನೇ. ಇಷ್ಟೊಂದು ಜನ ಸಾಲ್ ನಿಂತ್ಕೊಂಡು ಸಾಯ್ತಾವ್ರೆ. ನೀನೊಬ್ನೇ ಅಂದ್ಕೊಂಡಿದ್ನಲ್ಲ ನಾನು. ಬಾ, ಬಾ ಈಚೆಗೆ.”

ನಾಯನ ತಡವರಿಸುತ್ತಾ ಈಚೆಗೆ ಬಂದರು. ಅಕ್ಕ ನೇರವಾಗಿ ಗೋಡೆಯ ಹತ್ತಿರ ಹೋಗಿ, ಮುಂಗಾಲಲ್ಲಿ ನಿಂತು, ಚೌಕಟ್ಟಿನ ಹಾರವನ್ನು ಕಿತ್ತು ತೆಗೆದರು. “ಅಮ್ಮಾ, ಅದು ಅಲ್ಲೇ ಇರಬೇಕು!” ಎಂದು ಹುಡುಗಿ ಓಡಿಬಂದಳು. ಅಕ್ಕ ಅವಳ ಕಡೆ ನೋಡಲೂ ಇಲ್ಲ. ಹಾರವನ್ನು ಸೆರಗಿನಿಂದ ಒರೆಸಿ, ಗಂಡನ ಕೊರಳಿಗೆ ಹಾಕಿದರು.

“ಪಟಕ್ಕಾಕಿದ್ರೆ ತಾನೆ ಸತ್ತೋರು? ಕತ್ತಿಗಾಕಿದ್ರೆ ಮದ್ಮಗ” ಎಂದು ಪಕ್ಕದಲ್ಲಿ ನಿಂತು, ಗಲ್ಲ ಎತ್ತಿ, ನನ್ನ ಕಡೆ ನೋಡಿದರು. “ಈಗ ತೆಗೀರಮ್ಮ. ಒಳಗೆ ರೀಲು ಐತಾ?”

“ಇದೆ ಅಕ್ಕ” ಎಂದೆ, ಫೋನ್ ಎತ್ತಿದೆ. ಆಗ ಗಾಳಿ ತಿರುಗಿ ಕ್ಯಾಂಟೀನಿನ ಬಿರಿಯಾನಿಯ ಘಮ ನಮ್ಮ ಕಡೆ ಬಂತು. ಕನ್ನಡಕವಿಲ್ಲದ ನಾಯನ ಮೂಗಿನ ಜಾಡು ಹಿಡಿದು ಆ ಕಡೆ ನೋಡಿದರು. ಮುಚ್ಚಿದ ಗಣಿಯ ನೋವೆಲ್ಲ ಕಣ್ಣಿಗೆ ಬಂತು. ಆ ಹುಡುಗಿ “ಅಯ್ಯೋ, ಇವರೇ!” ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ನಾನು ಗುಂಡಿ ಒತ್ತಿದೆ.

ಆಮೇಲೆ ಕ್ಯಾಂಟೀನಿನಲ್ಲಿ ಮೊಟ್ಟೆ ಸಿಕ್ಕಿತು. ಅಕ್ಕ ತಮ್ಮದನ್ನೂ ಅವರ ತಟ್ಟೆಗೆ ಹಾಕಿದರು.

ಅದಾದ ಮೇಲೂ ಅವರು ಅದೇ ರೈಲಿನಲ್ಲಿ ಅದೇ ಬಾಗಿಲಲ್ಲಿ ನಿಂತು ಓಡಾಡಿದರು. ಸೋಮವಾರದ ಕೆಮ್ಮು ನಿಂತುಹೋಯಿತು. ಆಮೇಲೆ ಅವರ ಕಟ್ಟಡದಲ್ಲಿ ತಾನೇ ಓಡುವ ಲಿಫ್ಟ್ ಹಾಕಿ ಇವರನ್ನು ಮನೆಗೆ ಕಳಿಸಿದರು. ಕೆಲಸ ಬಿಟ್ಟ ಮೇಲೂ ಎರಡು ಮೂರು ಸಲ ಸುಮ್ಮನೆ ಕೋರಮಂಡಲ್ ಸ್ಟೇಷನ್ನಿಗೆ ಬಂದು, ರೈಲು ಹೊರಡುವಾಗ ಪ್ಲಾಟ್‌ಫಾರಂ ಮೇಲಿಂದಲೇ ಗುಂಡಿ ಒತ್ತಿ ಕಳಿಸಿದ್ದರಂತೆ, ಸೆಲ್ವ ಹೇಳಿದ. ಗುಂಪಿಗೆ ಸುದ್ದಿ ಬಂದ ಹಿಂದಿನ ದಿನ ಸಂಜೆ ಎದೆ ಹಿಡಿದುಕೊಂಡಿತು ಎಂದರಂತೆ, ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು. ಬೆಳಿಗ್ಗೆ ಬೆಂಕಿಯ ಚಿತ್ರಗಳು ಬಂದವು.

ಕಾರ್ಯದ ದಿನ ನಾವು ಒಂದಷ್ಟು ಜನ ಕ್ಯಾಸಂಬಳ್ಳಿ ಬಸ್ಸು ಹಿಡಿದು ಹೋದೆವು. ಸೆಲ್ವ ಬಂಗಾರಪೇಟೆಯಲ್ಲಿ ಹೇಳಿ ಕಟ್ಟಿಸಿದ ಚೆಂಡುಹೂವಿನ ಹಾರವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಷ್ಟು ದಪ್ಪ ಹಾರ ಸಿನಿಮಾದಲ್ಲೂ ಇರಲಿಲ್ಲ.

ನಡುಮನೆಯ ಗೋಡೆಯ ಮೇಲೆ ನಾನು ತೆಗೆದ ಫೋಟೋ ಇತ್ತು, ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಕೊರಳಲ್ಲಿ ಪ್ಲಾಸ್ಟಿಕ್ ಹಾರ ಹಾಕಿಕೊಂಡು ಎತ್ತಲೋ ನೋಡುತ್ತಿರುವ ಅವರು, ಪಕ್ಕದಲ್ಲಿ ಗಲ್ಲ ಎತ್ತಿ ನಿಂತ ಅಕ್ಕ. ಕೆಳಗೆ ದೀಪ ಉರಿಯುತ್ತಿತ್ತು. ಹೂವಿನ ಎಸಳೊಂದೂ ಇರಲಿಲ್ಲ. ಸೆಲ್ವ ಕಣ್ಣೊರೆಸಿಕೊಂಡು ಹಾರ ಬಿಚ್ಚಿ ಮೊಳೆ ಹುಡುಕತೊಡಗಿದ.

ಅಡುಗೆಮನೆಯಿಂದ ಅಕ್ಕ ಬಂದರು. ಹಣೆ ಬರಿದಾಗಿತ್ತು. ನನಗೆ ಆ ಕಡೆ ನೋಡಲಾಗಲಿಲ್ಲ.

“ಎಲ್ಲಿಗ್ಲಾ ಆಕ್ತೀಯ ಅದನ್ನ? ಆಗ್ಲೇ ಒಂದು ಆಕ್ಕೊಂಡವ್ರಲ್ಲ. ನಾನೇ ಆಕಿದ್ದು.”

“ಅದು ಬೇರೆ ಅಕ್ಕಾ. ಇದು ಪಟದ ಮೇಲಕ್ಕೆ. ಪದ್ಧತಿ.”

“ಪಟದ ಮ್ಯಾಲಕ್ಕೆ ಎಂಗಾಕ್ತೀಯ? ಅದ್ರಾಗೆ ನಾನೂ ಇವ್ನಿ. ನನ್ನೂ ಸಾಯಿಸ್ತೀಯೇನ್ಲಾ?”

ಸೆಲ್ವ ಹಾರ ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದ. ಮೂರು ಭಾಗದ ಲಾಜಿಕ್ಕನ್ನು ಬಾಯಿಪಾಠ ಮಾಡಿದ್ದವನು ಮಂಜಣ್ಣನ ಕಡೆ ನೋಡಿದ, ಮಂಜಣ್ಣ ಫೋಟೋ ಕಡೆ ನೋಡಿದ.

“ನಾನಿರೋಗಂಟ ಅದ್ಕೆ ಆರ ಇಲ್ಲ” ಎಂದರು ಅಕ್ಕ, ದೀಪಕ್ಕೆ ಎಣ್ಣೆ ಹಾಕುತ್ತಾ.

“ಹಾರ ಇಲ್ಲಾಂದ್ರೆ ನೋಡ್ದೋರು ಏನಂತಾರೆ ಅಕ್ಕಾ?”

“ಬದುಕವ್ರೆ ಅಂತಾರೆ. ಅನ್ಲಿ ಬಿಡು.”

ಸೆಲ್ವ ಹಾರ ಹಿಡಿದುಕೊಂಡು ಅಂಗಳಕ್ಕೆ ಬಂದು ಕೊಟ್ಟಿಗೆಯ ಹತ್ತಿರ ನಿಂತ. ಹಸು ಕತ್ತು ಚಾಚಿ ಹಾರದ ಒಂದು ತುದಿಯನ್ನು ಬಾಯಿಗೆ ಹಾಕಿಕೊಂಡಿತು. ಅವನು ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ತುದಿ ಹಿಡಿದು, ಅದು ತಿಂದು ಮುಗಿಸುವವರೆಗೂ ಅಲ್ಲೇ ನಿಂತಿದ್ದ.